ಬೆಂಚಿನ ಮೇಲೆ ದೆಶುನ್

ಬೆಳಗಿನ ತಾಲೀಮಿನ ಮೂರನೇ ಸುತ್ತಿಗೆ ಕುವಾಂಗ್ ದೆಶುನ್‌ನ ಬಲಮಂಡಿ ಕೈಕೊಟ್ಟಿತು. ಅವನ ಹೆಗಲ ಮೇಲೆ ನಿಂತು ಕುಣಿಯುತ್ತಿದ್ದ ಮಗಳು ಸುಯುನ್ ಓಲಾಡಿ, ಬೀಸಣಿಗೆ ಬಿಡದೆ ಸಾವರಿಸಿಕೊಂಡಳು. ಇಳಿಸುವುದಿದ್ದರೆ ಕೆಳಗಿನವನು ಮೇಲಿನವಳ ಕಣಕಾಲನ್ನು ಒತ್ತಬೇಕು. ಹ್ವಾಯ್ ನದಿ ದಂಡೆಯ ಈ ಹೆಗಲ ಕುಣಿತದಲ್ಲಿ ಅದೇ ಸನ್ನೆ. ದೆಶುನ್ ಹಲ್ಲುಕಚ್ಚಿ ನಿಂತನೇ ಹೊರತು ಒತ್ತಲಿಲ್ಲ.

ಸುಯುನ್ ತಾನಾಗಿಯೇ ಕೆಳಕ್ಕೆ ಜಿಗಿದಳು.

"ಯಾಕೆ ಇಳಿದೆ? ನಾನು ಒತ್ತಿದ್ನಾ?"

"ಕಾಲು ಜೋಮು ಹಿಡೀತಪ್ಪಾ."

"ಸುಳ್ಳು ಹೇಳ್ಬೇಡ. ನಿನ್ನ ಕಾಲು ನಂಗೊತ್ತಿಲ್ವಾ?"

"ನಿನ್ನ ಹೆಗಲು ನಂಗೂ ಗೊತ್ತಪ್ಪಾ," ಎಂದಳು ಮೆಲ್ಲಗೆ. "ಹೋದ ವರ್ಷದಿಂದ ನಡುಗ್ತಾ ಇದೆ."

ಡೋಲು ಬಾರಿಸುತ್ತಿದ್ದ ತಾಂಗ್ ಕೋಲು ಕೆಳಗಿಟ್ಟ. ಅವನೂ ದೆಶುನ್‌ನ ವಾರಿಗೆಯವನೇ. "ಲೋ, ಅರವತ್ತಕ್ಕೆ ಬಂದೆ, ನಿಂದೇನು ಕಬ್ಬಿಣದ ಹೆಗಲಾ? ಎತ್ತಿನಂಥ ಅಳಿಯ ಇದಾನೆ. ಮಧ್ಯಾಹ್ನ ಜನರ ಮುಂದೆ ಅವಳನ್ನ ಬೀಳಿಸಿ ಆಮೇಲೆ ಅಳ್ತೀಯಾ? ಹೋಗಿ ಬೆಂಚಿನ ಮೇಲೆ ಕೂತು ಕಲ್ಲಂಗಡಿ ಬೀಜ ತಿನ್ನು."

ಅಳಿಯ ಬಾವ್‌ಗ್ವಿ ತಲೆ ತಗ್ಗಿಸಿ ನಿಂತಿದ್ದ. ಮೇಲಿನವಳು ಕಾಲೂರುವ ಹೆಗಲಿನ ಮೆತ್ತೆಯನ್ನು ಹೊತ್ತವನೇ ಬಿಚ್ಚಿ ಕೊಡಬೇಕು, ಕೇಳಿ ಪಡೆಯುವಂತಿಲ್ಲ. ದೆಶುನ್‌ನ ಹೆಂಡತಿ ಹೊಲಿದು ಕೊಟ್ಟಿದ್ದ ಮೆತ್ತೆ ಅದು. ಅವಳು ತೀರಿಹೋಗಿಯೇ ಒಂಬತ್ತು ವರ್ಷವಾಗಿತ್ತು. ಇಪ್ಪತ್ನಾಲ್ಕು ವರ್ಷದ ಭಾರ ಇಳಿಯಿತೆಂದು ದೆಶುನ್‌ಗೆ ಸಮಾಧಾನವಾಗಬೇಕಿತ್ತು. ಹೊಟ್ಟೆ ಉರಿಯಿತು. ಆದರೂ ಗಂಟು ಬಿಚ್ಚಿದ.

"ಎಡಕ್ಕೆ ತಿರುಗೋವಾಗ ಮುಂಗಾಲಲ್ಲಿ ನಿಲ್ತಾಳೆ. ನೀನು ಎಡ ಹೆಗಲು ಚೂರು ಏರಿಸ್ಬೇಕು. ಮೇಲೆ ನೋಡ್ಬೇಡ, ಇಬ್ರೂ ಬೀಳ್ತೀರ."

"ಆಯ್ತು ಮಾವ."

ಮಧ್ಯಾಹ್ನ ಬಯಲು ತುಂಬಿತ್ತು. ದೆಶುನ್ ಬೆಂಚಿನ ತುದಿಯಲ್ಲಿ ಮಂಡಿ ನೀವುತ್ತಾ ಕುಳಿತ. ಸಾಕಾಗಿಹೋಗಿತ್ತು, ಮನೆಗೆ ಹೋಗಿ ಮಲಗಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಡೋಲು ಎದ್ದಿತು, ಬಾವ್‌ಗ್ವಿಯ ಹೆಗಲೇರಿ ಸುಯುನ್ ಬೀಸಣಿಗೆ ಬಿಚ್ಚಿದಳು.

ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳನ್ನು ಹೊತ್ತಿದ್ದ. ಅವಳ ಹಿಮ್ಮಡಿಯ ಒರಟು, ಹೆದರಿದಾಗ ಮುದುಡುವ ಬೆರಳು, ಎಲ್ಲವೂ ಅವನ ಹೆಗಲಿಗೆ ಗೊತ್ತು. ಕುಣಿಯುವಾಗ ಅವಳ ಮುಖ ಹೇಗಿರುತ್ತದೆಂದು ಮಾತ್ರ ಅವನು ಒಮ್ಮೆಯೂ ನೋಡಿರಲಿಲ್ಲ. ಡೋಲಿನ ಪೆಟ್ಟು ಚುರುಕಾಯಿತು. ಸುಯುನ್ ಕೆಳತುಟಿ ಕಚ್ಚಿಕೊಂಡು ನಕ್ಕಳು, ಥೇಟ್ ಅವಳಮ್ಮನ ಹಾಗೆ.

"ಯಾಕಣ್ಣಾ, ಹೆಗಲು ನೋಯ್ತಿದೆಯಾ?" ಪಕ್ಕದಲ್ಲಿದ್ದ ಹೆಂಗಸು ಕೇಳಿದಳು.

ಅಲ್ಲಿ ಸುಯುನ್ ಎಡಕ್ಕೆ ತಿರುಗುತ್ತಿದ್ದಳು. ಬೆಂಚಿನ ಮೇಲೆ, ಹತ್ತಿಯ ಕೋಟಿನೊಳಗೆ, ದೆಶುನ್‌ನ ಎಡ ಹೆಗಲು ಚೂರು ಮೇಲಕ್ಕೇರಿ ನಿಂತಿತ್ತು.