ಪೌಂಡಿಗೆ ಹತ್ತು ಮಣಿ

ಟರ್ಕಿಕೋಳಿ ಎಣ್ಣೆಯಿಂದ ಮೇಲೆದ್ದು ಬಂದಾಗ ಪಟ್ಟಕ್ಕೇರಲು ಹೊರಟ ರಾಜನ ಹಾಗಿತ್ತು. ಮೈಯೆಲ್ಲ ಜೇನುಬಣ್ಣ, ಚರ್ಮ ಒಣಗಿದ ಎಲೆಯ ಹಾಗೆ ಗರಿಗರಿ. ಕೊಕ್ಕೆಯ ತುದಿಯಲ್ಲಿ ತೂಗುತ್ತ, ಎಣ್ಣೆ ತೊಟ್ಟಿಕ್ಕಿಸುತ್ತ, ಹಿತ್ತಲಿನ ಓಕ್ ಮರದ ನೆರಳಿನಲ್ಲಿ ಅದೇ ಒಂದು ಸಣ್ಣ ಸೂರ್ಯ. ಚರ್ಚಿನಿಂದ ಆಗತಾನೇ ಮರಳಿದ್ದ ಇಪ್ಪತ್ತೊಂಬತ್ತು ಜನ ನೆಂಟರು ಚಪ್ಪಾಳೆ ತಟ್ಟಿದರು. ನಾನು ನಾಟಕದವಳ ಹಾಗೆ ಬಗ್ಗಿ ನಮಸ್ಕಾರವನ್ನೂ ಮಾಡಿಬಿಟ್ಟೆ.

ಆಮೇಲೆ ನಾಂಕ್ ಓವೀದ್ ಚಾಕು ಕೈಗೆ ತಗೊಂಡರು.

ಓವೀದ್ ನಮ್ಮಪ್ಪನ ಅಣ್ಣ. ಲೂಸಿಯಾನಾದ ಫ್ರೆಂಚ್ ಮಾತಿನ ನಮ್ಮ ಕಡೆ ದೊಡ್ಡಪ್ಪನನ್ನೂ ಚಿಕ್ಕಪ್ಪನನ್ನೂ ನಾಂಕ್ ಅಂತಲೇ ಕರೆಯುವುದು. ಅವರು ತೊಡೆಯ ಸಂದಿಗೆ ಚಾಕು ಇಳಿಸಿ ಮೂಳೆ ಹೊರಳಿಸಿದರು. ಒಳಗೆ ಮಾಂಸ ಗುಲಾಬಿ, ಮೂಳೆಯ ಹತ್ತಿರವಂತೂ ಪೂರಾ ಹಸಿ. ಕೆಂಪು ನೀರು ತಟ್ಟೆಗೆ ಇಳಿಯಿತು.

"ಝೆಲಿ, ಇದಕ್ಕೆ ಇನ್ನೂ ಜೀವ ಇದೆ ಕಣೇ," ಅಂದರು ನಾಂಕ್. "ಯಾರಾದ್ರೂ ಸ್ವಲ್ಪ ಕಾಳು ಹಾಕ್ರಪ್ಪ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು.

"ನಗೋ ವಿಷಯ ಅಲ್ಲ ಇದು," ನಾಂಕ್ ದನಿ ಏರಿಸಿದರು. "ಇಡೀ ದಕ್ಷಿಣ ಲೂಸಿಯಾನಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ದಿನ ಹಸಿ ಟರ್ಕಿ ಬಡಿಸಿದ ಮನೆ ಇನ್ನೊಂದಿಲ್ಲ. ಪಾತ್ರೆ ಯಾರಿಗೆ ಕೊಡ್ಬೇಕಿತ್ತು ಅಂತ ನಾನು ಆವತ್ತೇ ಹೇಳಿದ್ದೆ."

ಅವರ ಹೊಟ್ಟೆಯುರಿ ಇದ್ದದ್ದು ಆ ಪಾತ್ರೆಯ ಮೇಲೆ. ಮೊಣಕಾಲೆತ್ತರದ, ತಳ ಕಪ್ಪಾದ ಪಾತ್ರೆ. ನನ್ನ ಅಜ್ಜಿ, ನಾಂಕ್ ಅವರ ತಾಯಿ, ಮೆಮೇರ್ ಯುಲಾಲಿ, ಐವತ್ತು ವರ್ಷ ಅದರಲ್ಲೇ ಟರ್ಕಿ ಕರಿದವಳು. ಈ ವರ್ಷ ತೋಳು ಸೋತಿತು. ನವೆಂಬರ್ ಒಂದಕ್ಕೆ ಸಂತರ ಹಬ್ಬದ ದಿನ, ಹಿರಿಯರ ಗೋರಿಗಳಿಗೆ ಸುಣ್ಣ ಬಳಿದು ಮುಗಿಸಿ, ಸುಣ್ಣದ ಕೈಯಲ್ಲೇ ಟರ್ಕಿ ಎತ್ತುವ ಕೊಕ್ಕೆಯನ್ನು ನನಗೆ ಕೊಟ್ಟಳು. "ಪಾತ್ರೆ ಇನ್ನು ನಿಂದು, ಶಾ," ಅಂದಳು. ಶಾ ಅಂದರೆ ಅವಳ ಬಾಯಲ್ಲಿ ಚಿನ್ನ, ಮುದ್ದು, ಎಲ್ಲವೂ. ಆ ಪಾತ್ರೆ ನಾಂಕ್ ಕೈಗೆ ಹೋದರೆ ವರ್ಷವಿಡೀ ಅದರಲ್ಲಿ ಸಿಗಡಿ ಕುದಿಯುತ್ತದೆ, ಅದರ ಎಣ್ಣೆಯ ಹಾಡು ನಿಂತುಹೋಗುತ್ತದೆ. ನನಗದು ಚೆನ್ನಾಗಿ ಗೊತ್ತಿತ್ತು.

"ಇನ್ನೊಂದು ಟರ್ಕಿ ಇದೆಯಲ್ಲ," ನಾಂಕ್ ತೋಳು ಮಡಿಸಿದರು. "ಅದನ್ನ ನಾನು ಗಡಿಯಾರ ನೋಡ್ಕೊಂಡು ಕರೀತೀನಿ. ಪೌಂಡಿಗೆ ಮೂರೂವರೆ ನಿಮಿಷ ಅಂತ ಲೋಕಕ್ಕೆಲ್ಲ ಗೊತ್ತು. ಸಂಜೆ ಪಾತ್ರೆ ನನ್ನ ಗಾಡಿಗೆ."

"ನಿಮ್ಮ ಗಡಿಯಾರದ ಟರ್ಕಿ ಒಂದ್ಸಲ ತಿಂದಿದ್ದೀವಲ್ಲ," ಅಂದಳು ಅವರ ಹೆಂಡತಿ ಓರ್ತಾನ್ಸ್. "ನಾಯಿ ಅದನ್ನ ತಗೊಂಡು ಹೋಗಿ ಹೂತುಹಾಕ್ತು."

"ಅವತ್ತು ಗಾಳಿ ಇತ್ತು!"

"ಹೌದು, ನಾಯಿಗೂ ಗಾಳಿ ಹಿಡಿದಿತ್ತು ಪಾಪ." ಓರ್ತಾನ್ಸ್ ಹಸಿ ಟರ್ಕಿಯನ್ನು ತಟ್ಟೆ ಸಮೇತ ಎತ್ತಿಕೊಂಡಳು. "ಇದು ಗಂಬೋ ಸಾರಿಗೆ ಆಯ್ತು. ನಾಲ್ಕು ಗಂಟೆಯೊಳಗೆ ನಿಮ್ಮ ಜಗಳ ಮುಗಿಸಿ."

ಮೆಮೇರ್ ಜಗುಲಿಯ ಉಯ್ಯಾಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಕಾಲಿನಿಂದ ನೆಲ ಒತ್ತಿ ಉಯ್ಯಾಲೆ ನಿಲ್ಲಿಸಿದಳು.

"ಟರ್ಕಿ ಯಾರ ಕೈಯಲ್ಲಾದ್ರೂ ಕೆಡುತ್ತೆ ಓವೀದ್. ಯಾಕೆ ಕೆಡ್ತು ಅಂತ ಝೆಲಿ ಹೇಳಿದ್ರೆ ಪಾತ್ರೆ ಅವಳದ್ದು. ಹೇಳೋಕೆ ಬರ್ದಿದ್ರೆ ನಿಂದು."

"ಎರಡು ಗಂಟೆಗೆ ಹೇಳ್ತೀನಿ," ಅಂದೆ. ಆಗ ಹನ್ನೆರಡೂವರೆ.

ಹೇಗೋ ನನಗೆ ಹೆದರಿಕೆಯೇ ಆಗಲಿಲ್ಲ. ಚಿಕ್ಕಂದಿನಿಂದ ಮೆಮೇರ್ ಕಥೆಗಳಲ್ಲಿ ಕಳೆದುಹೋದದ್ದು ಯಾವಾಗಲೂ ಸಿಗುತ್ತಿತ್ತು. ಹುಡುಕುವವಳು ಸುಮ್ಮನೆ ಕೂತು ಕಿವಿಗೊಡಬೇಕಿತ್ತು, ಅಷ್ಟೆ. ನಾನು ಪಾತ್ರೆಯ ಪಕ್ಕದಲ್ಲಿ ಕೂತೆ. ಆರುತ್ತಿದ್ದ ಕಡಲೆಕಾಯಿ ಎಣ್ಣೆ ಒಳಗೊಳಗೇ ಏನೋ ಪಿಸುಗುಟ್ಟುತ್ತಿತ್ತು. ಆಚೆ ಬಾಯೂ ಅನ್ನುವ ಜೌಗು ಹೊಳೆಯ ಕಂದು ನೀರು ಹರಿದೂ ಹರಿಯದ ಹಾಗೆ ಮಲಗಿತ್ತು. ಗದ್ದೆಗಳ ಕಡೆಯಿಂದ ಸುಟ್ಟ ಕಬ್ಬಿನ ಸೋಗೆಯ ವಾಸನೆ.

ನಾಂಕ್ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ಒಳಗೆ ಮಂಜುಗಡ್ಡೆ ಇತ್ತು."

"ಸೋಮವಾರದಿಂದ ಫ್ರಿಜ್ಜಿನ ಕೆಳಗಡೆ ಇತ್ತು. ಬೆಳಿಗ್ಗೆ ಮೊಣಕೈವರೆಗೂ ಕೈ ಹಾಕಿ ನೋಡಿದ್ದೀನಿ, ನಾಂಕ್. ಒಳಗೂ ಹೊರಗೂ ಬಟ್ಟೇಲಿ ಒರೆಸಿದ್ದೀನಿ."

"ಎಣ್ಣೆ ಕಾದಿರ್ಲಿಲ್ಲ."

"ಮುನ್ನೂರೈವತ್ತು ಡಿಗ್ರಿ. ನಿಮ್ಮದೇ ಥರ್ಮಾಮೀಟರ್."

"ಹಾಗಾದ್ರೆ ಅದೇ ಕೆಟ್ಟಿದೆ."

ನಾನು ಎದ್ದು ಹೋಗಿ ಓರ್ತಾನ್ಸ್‌ಳ ಒಲೆಯ ಮೇಲೆ ಕುದಿಯುತ್ತಿದ್ದ ನೀರಿಗೆ ಥರ್ಮಾಮೀಟರ್ ಇಳಿಸಿದೆ. ಇನ್ನೂರ ಹನ್ನೆರಡು ಫ್ಯಾರನ್‌ಹೀಟ್, ನೀರು ಕುದಿಯುವುದಕ್ಕೆ ಸರಿಯಾಗಿ. ಹಿಡಿದುಕೊಂಡು ಬಂದು ತೋರಿಸಿದೆ. ನಾಂಕ್ ಕನ್ನಡಕ ಮೇಲೆತ್ತಿ ನೋಡಿ, ಕೆಳಗಿಳಿಸಿ ನೋಡಿ, "ಹೂಂ," ಅಂದರು.

"ಚರ್ಮ ನೋಡಿದ್ರಲ್ಲ," ಅಂದೆ. "ಎಣ್ಣೆ ತಣ್ಣಗಿದ್ದಿದ್ರೆ ಬಿಳಿಚ್ಕೊಂಡು ಜಿಡ್ಡಾಗಿರ್ತಿತ್ತು. ಜಾಸ್ತಿ ಕಾದಿದ್ರೆ ಕಪ್ಪಾಗಿರ್ತಿತ್ತು. ಹೊರಗೆ ಅಷ್ಟು ಚೆನ್ನಾಗಿ ಬಂದಿದೆ ಅಂದ್ರೆ ಬೆಂಕಿ ಸರಿಯಾಗೇ ಇತ್ತು. ಹೊತ್ತು ಸಾಕಾಗಿಲ್ಲ, ಅಷ್ಟೇ."

"ಹೊತ್ತು ಹೇಗೆ ಅಳೆದೆ?"

"ಮೆಮೇರ್ ಹೇಳ್ಕೊಟ್ಟ ಹಾಗೆ. ಪೌಂಡಿಗೆ ಹತ್ತು ಮಣಿ."

ನಾಂಕ್ ಬಾಯಿ ತೆರೆದರು, ಜಗುಲಿಯ ಕಡೆ ನೋಡಿ ಮುಚ್ಚಿದರು. ಆ ಜಪಮಾಲೆಯ ಲೆಕ್ಕದಲ್ಲಿ ಬೆಂದ ಟರ್ಕಿ ತಿಂದೇ ಅವರೂ ಬೆಳೆದದ್ದು. ಒಂದು 'ಪರಲೋಕದಲ್ಲಿರುವ ತಂದೆಯೇ', ಹತ್ತು 'ನಮೋ ಮರಿಯಾ', ಕೊನೆಗೊಂದು ಸ್ತುತಿ. ಒಂದು ಪೌಂಡಿಗೆ ಅಷ್ಟು. ಟರ್ಕಿ ಹನ್ನೆರಡು ಪೌಂಡು. ಐದು ಹತ್ತುಗಳ ಮಾಲೆ ಎರಡು ಸುತ್ತು, ಮೇಲೆ ಎರಡು ಹತ್ತು. ಒಂದು ಮಣಿಯನ್ನೂ ನಾನು ಹಾರಿಸಿರಲಿಲ್ಲ. ಎಲ್ಲರೂ ಪೂಜೆಗೆ ಹೋಗಿದ್ದರು, ಹಿತ್ತಲಿನಲ್ಲಿ ನಾನೊಬ್ಬಳೇ, ಎಣ್ಣೆಯ ಮುಂದೆ ನೆಟ್ಟಗೆ ನಿಂತು ಜಪಿಸಿದ್ದೆ.

"ನಿಮ್ಮ ಗಡಿಯಾರ ತೆಗೀರಿ," ಅಂದೆ. "ನಾನು ಹತ್ತು ಮಣಿ ಹೇಳ್ತೀನಿ."

ಹೇಳಿದೆ. ನಾಂಕ್ ಗಡಿಯಾರದಿಂದ ತಲೆ ಎತ್ತಿದರು. "ಎರಡೂವರೆ ನಿಮಿಷ. ನೋಡು! ಪೌಂಡಿಗೆ ಒಂದು ನಿಮಿಷ ಕಡಿಮೆ. ಹನ್ನೆರಡು ನಿಮಿಷ ಮುಂಚೆ ಎತ್ತಿದ್ದೀಯ. ಮೆಮೇರ್ ಲೆಕ್ಕನೇ ತಪ್ಪು."

"ತಪ್ಪಾಗಿದ್ರೆ ನೀವು ಐವತ್ತು ವರ್ಷ ಹಸಿ ಟರ್ಕಿ ತಿಂದ್ರಾ?"

ನಾಂಕ್ ಗಡಿಯಾರ ಹಿಡಿದುಕೊಂಡೇ ಎದ್ದರು. ಇಬ್ಬರೂ ಜಗುಲಿಗೆ ಹೋದೆವು.

"ಮೆಮೇರ್, ಟರ್ಕಿ ಎಣ್ಣೆಯಲ್ಲಿದೆ ಅಂದ್ಕೊಂಡು ಒಂದು ಹತ್ತು ಹೇಳು."

ಮೆಮೇರ್ ಕಣ್ಣು ಮುಚ್ಚಿ ಜಪಮಾಲೆ ತೆಗೆದಳು. ಅವಳು ಜಪಿಸುವುದು ನಮ್ಮ ಹಳೇ ಫ್ರೆಂಚಿನಲ್ಲಿ. ಒಂದೊಂದು ಮಾತೂ ಕೆಸರಿನಿಂದ ಕಾಲೆತ್ತಿ ಇಟ್ಟ ಹಾಗೆ, ನಿಧಾನ. ನಾನು ಹೇಳಿದ್ದು ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಮೆಟ್ಟಿಲಿಳಿದು ಓಡುವವಳ ಹಾಗೆ. ತಪ್ಪು ಸಿಕ್ಕಿತು ಅಂದುಕೊಂಡೆ.

ಸ್ತುತಿ ಮುಗಿಯಿತು. ನಾಂಕ್ ಬೆರಳೆತ್ತಿದರು. "ಎರಡು ನಿಮಿಷ ಐವತ್ತು ಸೆಕೆಂಡು. ಇನ್ನೂ ಸಾಲ್ದು ಮಗಳೇ. ಪಾತ್ರೆ ತೊಳೆದಿಡು."

"ಶ್," ಅಂದೆ.

ಯಾಕೆಂದರೆ ಮೆಮೇರ್ ಮುಂದಿನ ಮಣಿಗೆ ಹೋಗಿರಲಿಲ್ಲ. ಬೆರಳು ಹತ್ತನೇ ಮಣಿಯ ಮೇಲೇ ನಿಂತಿತ್ತು. ಕಣ್ಣು ತೆರೆದು, ಮೊಣಕಾಲೆತ್ತರದಲ್ಲಿ ಗಾಳಿಯನ್ನು ನೋಡಿದಳು, ಅಲ್ಲಿ ಯಾರೋ ಸಾಲಾಗಿ ಕೂತಿದ್ದಾರೆ ಅನ್ನುವ ಹಾಗೆ.

"ಅವತ್ತು ಬಿಸಿಲು ಅಂದ್ರೆ ಬಿಸಿಲು," ಅಂದಳು. "ಮೊಸಳೆಗೆ ಬೆನ್ನು ಬಿರೀತಿತ್ತು. ಕೊಕ್ಕರೆ ಹತ್ರ ಬಂದು, 'ಅಕ್ಕಾ, ನಿನ್ನ ನೆರಳು ಒಂದಿನದ ಮಟ್ಟಿಗೆ ಕೊಡೇ, ಸಂಜೆ ವಾಪಸ್ ಕೊಡ್ತೀನಿ' ಅಂತು. ಕೊಕ್ಕರೆ ಪಾಪ, ಕಾಲ ಕೆಳಗಿಂದ ನೆರಳು ಬಿಡಿಸಿ, ಮಡಚಿ, ಕೊಟ್ಟೇಬಿಡ್ತು. ಕೊಟ್ಟ ಮೇಲೆ ನೋಡುತ್ತೆ, ಮೊಸಳೆ ಬಾಯಲ್ಲಿ ನಗು... ಸುಮ್ನೆ ಕೂತ್ಕೊಳ್ಳಿ, ಹತ್ತು ಮಣಿ ಆದ್ಮೇಲೆ ಮುಂದಿಂದು."

ಬೆರಳು ಮುಂದಿನ ಮಣಿಗೆ ಜಾರಿತು. "ಪರಲೋಕದಲ್ಲಿರುವ..."

ನಾಂಕ್ ಗಡಿಯಾರ ನೋಡಿದರು.

"ಮೂರೂವರೆ," ಅಂದರು ಮೆಲ್ಲಗೆ.

ನನಗೆ ಆರು ವರ್ಷವಾಗಿದ್ದಾಗಿನ ಹುಲ್ಲು ಕಾಲಡಿಗೆ ಬಂತು. ನಾವು ಮಕ್ಕಳು ಸಾಲಾಗಿ ಇದೇ ಓಕ್ ಮರದ ಬೇರಿನ ಮೇಲೆ ಕೂರುತ್ತಿದ್ದೆವು. ಕಥೆ ಮುಂದುವರಿಯಲಿ ಅಂತ ನಾವೂ ಜೊತೆಗೆ ಜಪಿಸುತ್ತಿದ್ದೆವು. ಪೌಂಡಿಗೊಂದು ತುಂಡು ಕಥೆ.

"ಮೆಮೇರ್! ಇದನ್ನ ನಂಗೆ ಹೇಳ್ಕೊಡಲೇ ಇಲ್ಲ ನೀನು!"

"ಯಾವುದನ್ನ?"

"ಕಥೆ. ಹತ್ತು ಮಣಿಗೆ ಒಂದೊಂದು ತುಂಡು."

"ಅದು ಟರ್ಕಿಗಲ್ಲ ಶಾ, ನಿಮಗೆ." ಮೆಮೇರ್‌ಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಕುದಿಯೋ ಎಣ್ಣೆ ಹತ್ರ ಬರದ ಹಾಗೆ ನಿಮ್ಮನ್ನ ಕೂರಿಸ್ಬೇಕಿತ್ತಲ್ಲ. ಅಡುಗೆ ಹೇಳ್ಕೊಡು ಅಂದೆ ನೀನು, ಅಡುಗೆ ಹೇಳ್ಕೊಟ್ಟೆ ನಾನು. ಕಥೆ ಅಡುಗೆಗೆ ಸೇರುತ್ತಾ?"

"ಸೇರುತ್ತೆ," ಅಂದೆ ನಾನು. "ಓಡೋ ಇಂಗ್ಲಿಷಲ್ಲಿ ಜಪ, ಮೇಲೆ ಕಥೆಯೇ ಇಲ್ಲ. ಟರ್ಕಿ ಹಸಿ ಆಗಿದ್ದು ಅದಕ್ಕೇ, ನಾಂಕ್. ಗಂಟೆ ಎಷ್ಟು?"

"ಒಂದೂಕಾಲು," ಅಂದರು ನಾಂಕ್. ಆಮೇಲೆ, ಸೋತವರಿಗಿರುವ ಒಂದು ಕೊನೆಯ ಹಠದಲ್ಲಿ, "ಹೇಳೋದೇನೋ ಹೇಳಿದೆ. ಮಾಡಿ ತೋರಿಸು," ಅಂದರು.

ಎಣ್ಣೆ ಮತ್ತೆ ಮುನ್ನೂರೈವತ್ತಕ್ಕೆ ಬಂತು. ಬೆಣ್ಣೆ, ಬೆಳ್ಳುಳ್ಳಿ, ಕೆಂಪು ಮೆಣಸಿನ ರಸ ಚುಚ್ಚಿ ತುಂಬಿದ ಎರಡನೇ ಟರ್ಕಿ, ಮೊದಲನೆಯದರ ಅವಳಿ, ಅದೇ ಹನ್ನೆರಡು ಪೌಂಡು. ಒಲೆ ಆರಿಸಿ, ಕೊಕ್ಕೆಯಲ್ಲಿ ನಿಧಾನಕ್ಕೆ ಇಳಿಸಿ, ಮತ್ತೆ ಹಚ್ಚಿದೆ. ಎಣ್ಣೆ ಬಾಯಿ ತುಂಬ ಹಾಡಿತು. ಈ ವರ್ಷದ ಮಕ್ಕಳನ್ನು ಓಕ್ ಬೇರಿನ ಮೇಲೆ ಕೂರಿಸಿದೆ. ಇಂಗ್ಲಿಷಿನಲ್ಲೇ ಹತ್ತು ಮಣಿ ಹೇಳಿದೆ. ಫ್ರೆಂಚಿಗೆ ನನ್ನ ನಾಲಿಗೆ ಅಷ್ಟು ಹೊರಳುವುದಿಲ್ಲ. ಅದಕ್ಕೆ ತಕ್ಕಂತೆ ಕಥೆಯನ್ನು ಉದ್ದ ಮಾಡಿಕೊಂಡೆ.

ನೆರಳಿಲ್ಲದ ಕೊಕ್ಕರೆಯನ್ನು ಮೀನುಗಳು ನಂಬಲಿಲ್ಲ. ಆಮೆ ಅದನ್ನು ದೆವ್ವ ಅಂದುಕೊಂಡಿತು. ಆರನೇ ಹತ್ತಿನ ಹೊತ್ತಿಗೆ ಕೊಕ್ಕರೆ ಚಂದ್ರನ ಹತ್ತಿರ ಹೋಗಿ ಹಳೇ ನೆರಳೇನಾದರೂ ಇದೆಯಾ ಅಂತ ಕೇಳಿತು. ಒಂಬತ್ತಕ್ಕೆ ಮೆಮೇರ್ ಕಥೆಯಲ್ಲಿ ನನಗೆ ನೆನಪಿದ್ದುದೆಲ್ಲ ಮುಗಿಯಿತು. ಉಯ್ಯಾಲೆಯ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡೇ, ಮುಂದೆ ನಡಿ ಅನ್ನುವ ಹಾಗೆ ಕೈಯಾಡಿಸಿದಳು. ನಡೆದೆ. ಹತ್ತು, ಹನ್ನೊಂದು ನನ್ನವೇ. ಮೊದಮೊದಲು ಗಡಿಯಾರವನ್ನೇ ದಿಟ್ಟಿಸುತ್ತಿದ್ದ ನಾಂಕ್, ಯಾವಾಗಲೋ ಕೈ ಕೆಳಗಿಳಿಸಿ ಕುರ್ಚಿ ಹತ್ತಿರ ಎಳೆದುಕೊಂಡಿದ್ದರು.

ಹನ್ನೆರಡನೇ ಹತ್ತು. ಮೊಸಳೆ ಬೆನ್ನ ಮೇಲಿನ ನೆರಳಿನ ಅಂಚು ಹಿಡಿದು ಕೊಕ್ಕರೆ ಎಳೆಯಿತು, ಎಳೆಯಿತು, ಅಂದೆ. ಅಲ್ಲಿಗೆ ನಿಲ್ಲಿಸಿ ಒಲೆ ಆರಿಸಿ ಟರ್ಕಿ ಎತ್ತಿದೆ.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಓರ್ತಾನ್ಸ್ ದೊಡ್ಡ ತಟ್ಟೆ ಹಿಡಿದಳು. ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಚಾಕುವನ್ನು ನಾನೇ ನಾಂಕ್ ಕೈಗೆ ಕೊಟ್ಟೆ. ಅವರು ತೊಡೆಯ ಸಂದಿಗೆ ಇಳಿಸಿ ಮೂಳೆ ಹೊರಳಿಸಿದರು. ಮೂಳೆ ಕೈಗೇ ಬಂತು. ರಸ ಇಳಿಯಿತು, ತಿಳಿಯಾದ, ಬೆಣ್ಣೆಯ ಬಣ್ಣದ ರಸ.

ನಾಂಕ್ ಒಂದು ತುಂಡು ಬಾಯಿಗಿಟ್ಟುಕೊಂಡರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಅಗಿದು, ನುಂಗಿ, ಬೆರಳು ನೆಕ್ಕಿಕೊಂಡು, ಅವರು ಮೆಮೇರ್ ಕಡೆ ತಿರುಗಿದರು.

"ಆಮೇಲೆ? ನೆರಳು ಸಿಕ್ತಾ ಕೊಕ್ಕರೆಗೆ?"

"ನನ್ನನ್ನ ಯಾಕೆ ಕೇಳ್ತೀಯೋ," ಅಂದಳು ಮೆಮೇರ್, ಉಯ್ಯಾಲೆಯನ್ನು ಮತ್ತೆ ಮೀಟುತ್ತ. "ಪಾತ್ರೆ ಯಾರದ್ದೋ ಅವಳನ್ನ ಕೇಳು."