ಚಾಚಿದ ಕಾಲು

"ಸ್ಕ್ಯಾನಿಂಗ ಅಂದ್ರ ಬಸುರ್ಯಾರಿಗಲ್ಲೇನ್ರಿ ಅಕ್ಕೋರ? ನಮ್ಮ ಮಾಳಿ ಮೊಣಕಾಲಾಗೇನ ಕೂಸ ಐತಿ?"

ಅಜ್ಜಿ ಗಾಳೆವ್ವನ ಮಾತಿಗೆ ಸಾಲಿನಲ್ಲಿ ಕುಳಿತ ತಾಯಂದಿರೆಲ್ಲ ನಕ್ಕರು. ಅಂಗನವಾಡಿ ಕಾರ್ಯಕರ್ತೆ ಪುಷ್ಪಾವತಿಯೂ ನಕ್ಕಳು. ಮಂಚದ ಮೇಲೆ ಮಲಗಿದ್ದ ಐದು ವರ್ಷದ ಮಾಳವ್ವ ಮಾತ್ರ ನಗಲಿಲ್ಲ. ಮೊಣಕಾಲಿಗೆ ಹಚ್ಚಿದ ಜೆಲ್ ತಣ್ಣಗಿತ್ತು.

ರೋಣದ ಆ ದವಾಖಾನೆಗೆ ಅಂದು ಬಂದವರು ಕಾಯಿಲೆಯ ಮಕ್ಕಳಲ್ಲ. ಯಾವ ವಯಸ್ಸಿಗೆ ಕೀಲು ಎಷ್ಟು ಬೆಳೆದಿರುತ್ತದೆ ಎಂದು ತಿಳಿಯಲು ಡಾಕ್ಟರಿಗೆ ಆರೋಗ್ಯವಂತ ಮಕ್ಕಳೇ ಬೇಕಿದ್ದರು. ಸೂಡಿಯ ತನ್ನ ಅಂಗನವಾಡಿಯಿಂದ ಹನ್ನೆರಡು ಮಕ್ಕಳನ್ನು ಪುಷ್ಪಾವತಿಯೇ ಆರಿಸಿ ಬಸ್ಸಿನಲ್ಲಿ ಕರೆತಂದಿದ್ದಳು. ಫಾರಂಗಳನ್ನು ಎರಡೆರಡು ಸಲ ಓದಿ ತುಂಬಿದ್ದಳು. 'ಕೀಲು ನೋವು ಇದೆಯೇ?' ಎಂಬಲ್ಲಿ ಹನ್ನೆರಡಕ್ಕೂ 'ಇಲ್ಲ'.

ಡಾಕ್ಟರು ಬಲಗಾಲು ಮುಗಿಸಿ ಎಡಗಾಲಿಗೆ ಬಂದವರು ಅಲ್ಲೇ ನಿಂತರು. ಪರದೆಯ ಮೇಲೆ ಒಂದು ಕಪ್ಪು ಪಟ್ಟಿ. ಮತ್ತೆ ಬಲಗಾಲು ನೋಡಿದರು, ಮತ್ತೆ ಎಡಗಾಲು.

"ಇಲ್ಲಿ ನೀರ ತುಂಬೈತಿ. ಇದು ನಿನ್ನೆ ಮೊನ್ನಿದಲ್ಲ. ಅಜ್ಜಿ, ಈಕಿ ಕುಂಟತಾಳೇನು?"

"ಮುಂಜಾನೆದ್ದ ಕೂಡ್ಲೆ ಒಂಚೂರ ಕುಂಟತಾಳ್ರಿ. ಎಕ್ಕಿ ಎಲಿ ಬಿಸಿ ಮಾಡಿ ಕಟ್ಟತೀನಿ, ಸಾಲಿಗೆ ಹೋಗೂದ್ರಾಗ ಸರಿ ಹೋಕ್ಕೈತಿ." ಗಾಳೆವ್ವನ ದನಿ ಇಳಿಯಿತು. "ಇವತ್ತ ಕಟ್ಟಿಲ್ರಿ. ಚಲೋ ಇದ್ದ ಹುಡುಗ್ರನ್ನ ಅಷ್ಟ ಕರಕೊಂಡ ಬರ್ರಿ ಅಂದಿದ್ರಲ್ಲ ಅಕ್ಕೋರು."

"ಎಷ್ಟ ದಿನ ಆತು?"

"ಹ್ವಾದ ವರ್ಷ ಜ್ವಾಳಾ ಬಿತ್ತೂ ಮುಂದ ಚಾಲೂ ಆತ್ರಿ."

ಡಾಕ್ಟರು ಎರಡೂ ಕಾಲು ಜೋಡಿಸಿ ಅಳೆದರು. ಎಡಗಾಲು ಬಲಗಾಲಿಗಿಂತ ಒಂದು ಬೆರಳಗಲ ಉದ್ದ ಬೆಳೆದಿತ್ತು. "ಕೀಲಿಗೆ ಬಾವು ಬಂದ್ರ ಆ ಕಾಲ ಹಿಂಗ ಹೆಚ್ಚ ಬೆಳೀತೈತಿ. ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಬರದ ಕೊಡತೀನಿ. ಆದ್ರ ಪೂರಾ ಮೊದಲಿನಂಗ ಆಕ್ಕೈತಿ ಅಂತ ಹೇಳಾಕ ಬರೂದಿಲ್ಲ." ಆಮೇಲೆ ಪುಷ್ಪಾವತಿಯತ್ತ ತಿರುಗಿದರು. "ದಿನಾ ನೋಡೋರು ನೀವು. ಕೂಡೂ ಮುಂದ ಕಾಲ ಚಾಚತಿದ್ದಿಲ್ಲೇನು?"

ಅಂಗನವಾಡಿಯಲ್ಲಿ ಊಟಕ್ಕೆ ಮೊದಲು ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತು ಕೈಮುಗಿಯಬೇಕು. ಅನ್ನದ ಮುಂದೆ ಕಾಲು ಚಾಚಬಾರದು. ಎಷ್ಟೋ ಸಲ ಪುಷ್ಪಾವತಿ ಮಾಳವ್ವನ ತಟ್ಟೆಯನ್ನು ಹಿಂದಕ್ಕೆಳೆದು, "ಮೊದಲ ಕಾಲ ಮಡಚು, ಆಮ್ಯಾಲ ಊಟ" ಎಂದಿದ್ದಳು. ಹುಡುಗಿ ಮಡಚುತ್ತಿದ್ದಳು.

"ನನಗ... ಗೊತ್ತಾಗಲಿಲ್ರಿ," ಎಂದಳು ಪುಷ್ಪಾವತಿ. ಗಾಳೆವ್ವ ಅವಳನ್ನೇ ನೋಡುತ್ತಿದ್ದಳು.

ಮರುದಿನ ಮಧ್ಯಾಹ್ನ ಅಂಗನವಾಡಿಯಲ್ಲಿ ಪುಷ್ಪಾವತಿ ಮಾಳವ್ವನಿಗೆಂದು ಗೋಡೆಯ ಹತ್ತಿರ ಗೋಣಿಚೀಲ ಮಡಚಿ ಹಾಸಿದಳು. "ನೀ ಕಾಲ ಚಾಚಿ ಆರಾಮ ಕೂಡವಾ ತಂಗಿ."

ಅನ್ನದ ಬೋಗುಣಿ ಹಿಡಿದು ಎದುರಿಗೆ ಬಂದಾಗ ಮಾಳವ್ವ ತಟ್ಟೆಯನ್ನು ನೋಡಿದಳು. ಅಕ್ಕೋರ ಕೈಯನ್ನು ನೋಡಿದಳು. ಆಮೇಲೆ ಎರಡೂ ಕೈಯಿಂದ ಎಡಗಾಲಿನ ಹಿಮ್ಮಡಿ ಹಿಡಿದು, ತುಟಿ ಕಚ್ಚಿ, ಮೆಲ್ಲಗೆ ಒಳಗೆ ಎಳೆದುಕೊಳ್ಳತೊಡಗಿದಳು.