ದೊಡ್ಡಮ್ಮ ಸದ್ದು ಮಾಡಲಿಲ್ಲ

ಮೃಗಾಲಯದಲ್ಲಿ ಅವನ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಬೇಕಾಗಿತ್ತು. ಉಳಿದವರಿಗೆಲ್ಲ ಅವನು ಬಕೆಟ್ಟಣ್ಣ. ಇಪ್ಪತ್ತಾರು ವರ್ಷ ನೀರಾನೆ ಕೊಳದ ದಂಡೆಯ ಮೇಲೆ ಬಕೆಟ್ಟು ಹಿಡಿದು ಸವೆದವನಿಗೆ ಬೇರೆ ಯಾವ ಬಿರುದು ಅಂಟೀತು? ಹಿರಿಯ ಹೆಣ್ಣು ನೀರಾನೆಯನ್ನು ದೊಡ್ಡಮ್ಮ ಎಂದು ಮೊದಲು ಕರೆದವನು ಅವನೇ. ಅದರ ಮಗಳು ಪುಟ್ಟಿ. ವಯಸ್ಸು ಮೂರು, ತೂಕ ಎಂಟು ನೂರು ಕಿಲೋ.

"ನಂಗೆ ಸವತಿ ಒಬ್ಬಳಲ್ಲ ಕಣ್ರೀ, ಇಬ್ಬರು. ಇಬ್ರೂ ಮೂರು ಹೊತ್ತೂ ನೀರಲ್ಲೇ ಬಿದ್ದಿರ್ತಾರೆ," ಎಂದು ಅವನ ಹೆಂಡತಿ ನೆಂಟರ ಮುಂದೆ ನಗಾಡುತ್ತಿದ್ದಳು.

ದೊಡ್ಡಮ್ಮನನ್ನು ದೂರದ ಇನ್ನೊಂದು ಮೃಗಾಲಯಕ್ಕೆ ಕೊಡುವುದೆಂದು ಆಜ್ಞೆ ಬಂತು. ಅಲ್ಲಿ ಹೊಸ ಕೊಳ ಕಟ್ಟಿದ್ದರು. ಕೊಳಕ್ಕೊಂದು ನೀರಾನೆ ಬೇಕಿತ್ತು. ಮಂಪರು ಬರಿಸುವ ಚುಚ್ಚುಮದ್ದು ನೀರಾನೆಗೆ ಆಗಿಬರುವುದಿಲ್ಲ. ಮಲಗಿದ್ದು ಏಳದೆಯೂ ಹೋಗಬಹುದು. ಹಾಗಾಗಿ ಅದು ತಾನಾಗಿ ಸಾಗಣೆ ಬೋನಿಗೆ ನಡೆದು ಹೋಗುವಂತೆ ಕಲಿಸಬೇಕು. ಆ ಕೆಲಸಕ್ಕೆ ಬಕೆಟ್ಟಣ್ಣನನ್ನು ಬಿಟ್ಟರೆ ಇನ್ಯಾರು?

ಕಬ್ಬಿಣದ ಬೋನನ್ನು ಕೊಳದ ಬಾಯಿಗೇ ತಂದಿಟ್ಟರು. ಒಂಬತ್ತು ದಿನ ದೊಡ್ಡಮ್ಮ ಅದರ ಕಡೆ ಕಣ್ಣೆತ್ತಿ ನೋಡಲಿಲ್ಲ. ಅವನು ಕುಂಬಳಕಾಯಿಯನ್ನು ದಿನಕ್ಕೊಂದು ಗೇಣು ಒಳಕ್ಕೆ ಸರಿಸಿದ. ಮೊದಲು ಮೂತಿ ಒಳಗೆ ಬಂತು, ಆಮೇಲೆ ಮುಂಗಾಲು, ಆಮೇಲೆ ಮೈಯೆಲ್ಲ. ಬಾಗಿಲು ಹಾಕಿದ್ದೇ ತಡ, ಮುಗಿಲು ಹರಿಯುವಂತೆ ಕೂಗಿ, ತಗಡು ಡೊಂಕಾಗುವಂತೆ ಗುದ್ದಿತು. ಹಾದಿಯಲ್ಲಿ ಹೀಗೇ ಗುದ್ದಿಕೊಂಡರೆ ಹಲ್ಲು ಮುರಿದೀತು, ಎದೆ ಒಡೆದೀತು. ಅದಕ್ಕೆ ಮೌನ ಕಲಿಸಲು ಕೂತ.

ಕಲಿಸುವ ಕ್ರಮ ಅವನದೇ. ಚಿಕ್ಕಂದಿನಲ್ಲಿ ಅವನ ತಾಯಿ ಕಸ ಗುಡಿಸುತ್ತ, ಅಕ್ಕಿ ಆರಿಸುತ್ತ ಪದ್ಯ ಹೇಳಿಕೊಳ್ಳುತ್ತಿದ್ದಳು. ಕೇಳಿ ಕೇಳಿ ಅವನಿಗೂ ಬಾಯಿಗೆ ಬಂದಿದ್ದವು. ಬೋನಿನ ಪಕ್ಕ ನಿಂತು ಮೆಲ್ಲಗೆ ಒಂದು ಸಾಲು ಹೇಳುತ್ತಿದ್ದ. ಸಾಲು ಮುಗಿಯುವವರೆಗೆ ದೊಡ್ಡಮ್ಮ ಸದ್ದಿಲ್ಲದೆ ನಿಂತರೆ ಕುಂಬಳದ ಹೋಳು, ಕೂಗಿದರೆ ಬಕೆಟ್ಟು ವಾಪಸ್. ಒಂದು ಸಾಲು ಎರಡಾಯಿತು, ಎರಡು ಪದ್ಯವಾಯಿತು, ಪದ್ಯ ಹತ್ತಾಯಿತು. ನಲವತ್ತೆರಡನೆಯ ದಿನ ದೊಡ್ಡಮ್ಮ ಮುಚ್ಚಿದ ಬೋನಿನಲ್ಲಿ ಕಿವಿ ಮಾತ್ರ ಅಲ್ಲಾಡಿಸುತ್ತ ಇಡೀ ಮಧ್ಯಾಹ್ನ ನಿಂತಿತು. ಅಂದು ಅವನ ಕಣ್ಣು ತುಂಬಿ ಬಂತು. ಸ್ವಂತ ಮಗಳು ಪರೀಕ್ಷೆ ಪಾಸಾದಾಗಲೂ ಹಾಗೆ ಹಿಗ್ಗಿರಲಿಲ್ಲ.

ಸಾಯಂಕಾಲ ಹೊರಟು ತಂಪು ಹೊತ್ತಿನಲ್ಲಿ ಹೋಗುವುದು, ಎರಡು ಗಂಟೆಗೊಮ್ಮೆ ನಿಲ್ಲಿಸಿ ಮೈಗೆ ನೀರು ಹೊಯ್ಯುವುದು, ಬಕೆಟ್ಟಣ್ಣ ಜೊತೆಗೆ ಹೋಗುವುದು ಎಂದು ಡಾಕ್ಟರಮ್ಮ ಹೇಳಿದ್ದರು. ನೀರು ಬಿಟ್ಟ ನೀರಾನೆಯ ಚರ್ಮ ಬೇಗ ಒಣಗಿ ಬಿರಿಯುತ್ತದೆ. ಆದರೆ ಹೊರಡುವ ದಿನ ಡಾಕ್ಟರಮ್ಮ ರಜೆಯಲ್ಲಿದ್ದರು. ದೊಡ್ಡವರೊಬ್ಬರು ಬಾವುಟ ತೋರಿಸಿ ಕಳಿಸಬೇಕೆಂದು ಹೊರಡುವ ಹೊತ್ತು ಬೆಳಿಗ್ಗೆ ಹನ್ನೊಂದಕ್ಕೆ ಬಂತು. ಲಾರಿಯಲ್ಲಿ ಚಾಲಕನ ಪಕ್ಕದ ಸೀಟು ವಿಡಿಯೊ ತೆಗೆಯುವವನ ಪಾಲಾಯಿತು.

ದೊಡ್ಡಮ್ಮ ಅವನ ದನಿ ಕೇಳಿ ಮದುವೆ ಮನೆಗೆ ಬಂದ ಅತ್ತೆಯ ಹಾಗೆ ಗಂಭೀರವಾಗಿ ಬೋನು ಹೊಕ್ಕಿತು. ನೆರೆದ ಜನ ಚಪ್ಪಾಳೆ ತಟ್ಟಿದರು.

"ಎಷ್ಟೊತ್ತಿಗೊಂದ್ಸಲ ನೀರು ಹಾಕ್ಬೇಕು ಸಾರ್?" ಚಾಲಕ ಕೇಳಿದ.

ಮೃಗಾಲಯದ ನಿರ್ದೇಶಕರು ಬಾವುಟ ಹಿಡಿದವರ ಕಡೆ ನೋಡುತ್ತಲೇ ಅಂದರು, "ಕೂಗಿದಾಗ ಹಾಕಯ್ಯ. ಹಸಿದ ಮಗು ಅಳಲ್ವ? ನಿಮ್ಮನೇಲಿ ಗಡಿಯಾರ ನೋಡ್ಕೊಂಡು ಹಾಲು ಕೊಡ್ತಾರಾ?"

ಎಲ್ಲರೂ ನಕ್ಕರು. ಬಕೆಟ್ಟಣ್ಣನೂ ನಕ್ಕ.

ಅದು ಕೂಗುವುದಿಲ್ಲ ಎಂಬುದು ಆ ಗುಂಪಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ದೊಡ್ಡವರು ನಗುತ್ತಿರುವಾಗ ನಡುವೆ ಬಾಯಿ ಹಾಕುವುದು ಹೇಗೆಂದು ತಡೆದ. ನಗು ಮುಗಿಯಲೆಂದು ಕಾದ. ಅಷ್ಟರಲ್ಲಿ ಬಾವುಟ ಇಳಿಯಿತು, ಲಾರಿ ಹೊರಟಿತು. ಹತ್ತು ಹೆಜ್ಜೆ ಹಿಂದೆ ಓಡಿದ. ಬೀಳ್ಕೊಡಲು ಓಡುತ್ತಿದ್ದಾನೆಂದು ವಿಡಿಯೊದವನು ಕಿಟಕಿಯಿಂದ ತಲೆ ಹಾಕಿ ಅದನ್ನೂ ಚಿತ್ರ ತೆಗೆದುಕೊಂಡ. ಚಾಲಕನ ನಂಬರು ಯಾರ ಬಳಿಯೂ ಇರಲಿಲ್ಲ. ಕಚೇರಿಗೆ ಹೋಗಿ ಕೇಳಿದರೆ, "ಸಾಹೇಬ್ರು ಊಟಕ್ಕೆ ಕೂತಿದಾರೆ, ಆಮೇಲೆ ಬಾ," ಎಂದರು. ಆಮೇಲೆ ಹೋದ. ಆಮೇಲೆ ಅವರು ಮಲಗಿದ್ದರು.

ಮರುದಿನ ಚಾಲಕನೇ ಕಚೇರಿಗೆ ಫೋನು ಮಾಡಿ ಬಕೆಟ್ಟಣ್ಣನನ್ನು ಕರೆಸಿದ.

"ಅಣ್ಣ, ನಾನೇನೂ ತಪ್ಪು ಮಾಡ್ಲಿಲ್ಲ ಕಣಣ್ಣ. ಇಡೀ ದಾರಿ ನನ್ ಕಿವಿ ಹಿಂದಕ್ಕೇ ಇತ್ತು. ಒಂದು ಸಲ ಕೂಗಿದ್ರೆ ನಿಲ್ಲಿಸ್ತಿದ್ದೆ, ನನ್ ಮಕ್ಕಳಾಣೆ. ಡೀಸೆಲ್ ಹಾಕ್ಸೋವಾಗ ಇಳಿದೆ, ಕೆಳಗೆ ಕೆಂಪಗೆ ಸೋರಿತ್ತು. ಬೋನಿನ ಬಣ್ಣ ಅಂದ್ಕೊಂಡೆ."

"ಅದು ಅವಳ ಬೆವರು. ನೀರಾನೆ ಬೆವರೇ ಕೆಂಪು," ಎಂದ ಬಕೆಟ್ಟಣ್ಣ.

"ನೆಟ್ಟಗೆ ನಿಂತೇ ಇತ್ತಣ್ಣ. ಬಾಗಿಲು ತೆಗೆದಾಗ್ಲೂ ನಿಂತಿತ್ತು, ಗೋಡೆಗೆ ಒರಗಿ. ನಿದ್ದೆ ಅಂದ್ಕೊಂಡ್ವಿ. ಅಂಥ ಸಾಧು ಪ್ರಾಣಿ ನಾನು ನೋಡಿಲ್ಲ."

ಎರಡು ದಿನ ಅವನು ಇಟ್ಟ ತಟ್ಟೆ ಮುಟ್ಟಲಿಲ್ಲ. ಸವತಿಯ ಮಾತು ಮತ್ತೆ ಆಡದ ಹೆಂಡತಿ ಪಕ್ಕದಲ್ಲಿ ಕೂತು ಹೇಳಿದಳು, "ನೀವು ಒಳ್ಳೇದಕ್ಕೇ ಕಲಿಸಿದ್ರಿ."

"ಕಲಿಸಿದ್ದು ಒಳ್ಳೇದಕ್ಕೆ. ನಕ್ಕಿದ್ದು ಯಾತಕ್ಕೆ?" ಎಂದು ಅವನು ಕೇಳಿದ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ವರದಿಯಲ್ಲಿ ಸಾವಿನ ಕಾರಣ ವಯಸ್ಸು ಎಂದು ಬರೆದರು. ಮದ್ದಿಲ್ಲದೆ, ಗಾಯವಿಲ್ಲದೆ ಪ್ರಾಣಿಯನ್ನು ಬೋನಿಗೆ ಹತ್ತಿಸಿದ್ದಕ್ಕೆ ಬಕೆಟ್ಟಣ್ಣನಿಗೆ ಪ್ರಶಂಸಾಪತ್ರ ಕೊಟ್ಟರು. ಆ ಕಾಗದ ಕೊಡುತ್ತಲೇ ನಿರ್ದೇಶಕರು ಮುಂದಿನ ಮಾತು ತೆಗೆದರು, "ಅಲ್ಲಿ ಕೊಳ ಖಾಲಿ ಬಿದ್ದಿದೆ ಕಣಯ್ಯ. ಇನ್ನು ಒಂದೂವರೆ ತಿಂಗಳಿಗೆ ಪುಟ್ಟೀನ ಕಳಿಸ್ಬೇಕು. ತಾಯಿಗೆ ಕಲಿಸಿದ ಹಾಗೇ ಕಲಿಸು."

"ಸಾರ್, ಎರಡು ಗಂಟೆಗೊಮ್ಮೆ ನೀರು ಅಂತ ಆಜ್ಞೇಲೇ ಬರೀರಿ. ನಾನೂ ಜೊತೇಲಿ ಹೋಗ್ತೀನಿ."

"ಈಗ ಬಾಯಿ ಬಂತಲ್ಲಪ್ಪ ನಿಂಗೆ! ಅವತ್ತು ಎಲ್ಲಿಟ್ಟಿದ್ದೆ?"

ಆಜ್ಞೆ ಟೈಪಾಗಿ ಬಂದಾಗ ಅದರಲ್ಲಿ ನೀರಿನ ಮಾತೂ ಇರಲಿಲ್ಲ, ಅವನ ಮಾತೂ ಇರಲಿಲ್ಲ.

ಈ ಸಲ ಅವನು ಪಾಠವನ್ನು ತಲೆಕೆಳಗು ಮಾಡಿದ. ಕೂಗಿದರೆ ಹೋಳು, ಸುಮ್ಮನಿದ್ದರೆ ಬಕೆಟ್ಟು ವಾಪಸ್. ಮೊದಲ ದಿನವೇ ಅವನು ಕರೆಯುವ ಮುಂಚೆ ಪುಟ್ಟಿ ಬೋನು ಹೊಕ್ಕಿತು. ನಲವತ್ತೆರಡು ದಿನ ಕಂಬಿಯಾಚೆಯಿಂದ ತಾಯಿಯ ಪಾಠವನ್ನು ನೋಡಿದ್ದ ಮಗಳು. ಬಾಗಿಲು ಬಿತ್ತು. ಪುಟ್ಟಿ ಕಿವಿ ಅಲ್ಲಾಡಿಸಿ ನಿಂತಿತು.

"ಕೂಗೇ," ಎಂದ. ತಗಡು ಬಡಿದ. ಬಕೆಟ್ಟು ಮುಂದೆ ಚಾಚಿದ, ಹಿಂದಕ್ಕೆ ಎಳೆದ. "ಕೂಗೇ ನಮ್ಮವ್ವ, ನಿನ್ನ ದಮ್ಮಯ್ಯ!"

ಹನ್ನೊಂದು ದಿನ ಹೀಗೇ ಕಳೆಯಿತು. ಹನ್ನೆರಡನೆಯ ದಿನ ತಡೆಯಲಾರದೆ, ಹೇಗೆ ಎಂದು ತೋರಿಸಲು, ಅವನೇ ಕಂಬಿಗೆ ಹಣೆ ಹಚ್ಚಿ ಕೂಗಿದ. ಎದೆಯ ಬುಡದಿಂದ, ನೀರಾನೆಯ ಹಾಗೆ, ಉಸಿರು ಕಟ್ಟುವವರೆಗೆ ಕೂಗಿದ. ದಾರಿಯಲ್ಲಿ ಹೋಗುವ ಜನ ಮಕ್ಕಳನ್ನು ಎತ್ತಿಕೊಂಡು ನಗುತ್ತ ಓಡಿ ಬಂದರು. ಒಬ್ಬಾತ, "ಇನ್ನೊಂದ್ಸಲ, ಇನ್ನೊಂದ್ಸಲ!" ಎಂದು ಫೋನು ಎತ್ತಿ ಹಿಡಿದ.

ಬಕೆಟ್ಟಣ್ಣ ಇನ್ನೊಂದು ಸಲ ಕೂಗಿದ. ಪುಟ್ಟಿ ಅವನನ್ನೇ ನೋಡುತ್ತ, ತಪ್ಪೇನಾಯಿತೋ ಎಂಬಂತೆ ಗೋಡೆಗೆ ಒತ್ತಿಕೊಂಡು, ಮೊದಲಿಗಿಂತಲೂ ಸುಮ್ಮನೆ ನಿಂತಿತು.